ಹಡಗಿನ ಚರಿತ್ರೆಯೂ ನನ್ನ ಪುಕ್ಕಲುತನವೂ

ನಾನು ಪುಕ್ಕಲ. ಲಿಫ್ಟು ಒಂದು ಕ್ಷಣ ನಡುಗಿದರೆ ಸಾಕು, ಮನಸ್ಸಿನಲ್ಲೇ ಮನೆಯವರಿಗೆಲ್ಲ ವಿದಾಯ ಹೇಳಿಬಿಡುತ್ತೇನೆ. ಆದರೂ ಕಡಲಿನಿಂದ ಇಷ್ಟು ದೂರದ ನೈರೋಬಿಯಲ್ಲಿ ಕೂತು, ಇನ್ನೂರು ವರ್ಷಕ್ಕೂ ಹಿಂದಿನ ಯುದ್ಧನೌಕೆಯೊಂದಕ್ಕೆ ಹೆದರಬೇಕಾದೀತೆಂದು ಎಣಿಸಿರಲಿಲ್ಲ.

ಹಡಗನ್ನು ಮನೆಗೆ ತಂದವಳು ಹದಿಮೂರು ವರ್ಷದ ಮಗಳು ಇಳಾ. ಶಾಲೆಯಲ್ಲಿ ಪ್ರತಿ ಮಗುವೂ ಒಂದು ಹಳೆಯ ಹಡಗಿನ ಚರಿತ್ರೆ ಬರೆಯಬೇಕಿತ್ತು. ಇವಳು ಆರಿಸಿಕೊಂಡದ್ದು ಹದಿನೆಂಟನೆಯ ಶತಮಾನದ, ಎರಡು ಅಂತಸ್ತಿನಲ್ಲಿ ಫಿರಂಗಿ ಹೊತ್ತ, ಇಂಗ್ಲಿಷರ ಹಾಯಿಹಡಗು. ಕರೆನ್ ಬಡಾವಣೆಯ ಶಾಲೆಯಿಂದ ಪಾರ್ಕ್‌ಲ್ಯಾಂಡ್ಸ್‌ನ ಮನೆಗೆ, ಮಟಾಟು ಎಂಬ ಬಾಡಿಗೆ ವ್ಯಾನುಗಳ ನಡುವೆ ನಮ್ಮ ಕಾರು ತೆವಳುವಾಗ ದಿನಕ್ಕಿಷ್ಟು ಹೇಳುತ್ತಿದ್ದಳು. ಮೊದಲ ಪಯಣದಲ್ಲೇ ಯಾವುದೋ ದ್ವೀಪದಲ್ಲಿ ಜ್ವರ ಹತ್ತಿ, ಒಂದು ಗುಂಡೂ ಹಾರಿಸದೆ ನಾವಿಕರು ಸಾಲುಸಾಲಾಗಿ ಸತ್ತರಂತೆ. ಬಿರುಗಾಳಿಗೆ ಹಾಯಿಕಂಬಗಳು ಮುರಿದವು. ಮಂಜಿನಲ್ಲಿ ಜೊತೆಯ ಹಡಗಿಗೇ ಡಿಕ್ಕಿಯಾಯಿತು. ಯುದ್ಧದಲ್ಲಿ ಗಾಯಾಳುಗಳ ಕಾಲು ಕತ್ತರಿಸುವಾಗ ಕಚ್ಚಿಕೊಳ್ಳಲು ಚರ್ಮದ ತುಂಡು ಕೊಡುತ್ತಿದ್ದರು. ಹಡಗು ಮುದಿಯಾದ ಮೇಲೆ ಕಂಬಗಳನ್ನು ಕಿತ್ತು ಸೆರೆಯಾಳುಗಳನ್ನು ತುಂಬಿದರು. ಕೊನೆಗೆ ಒಡೆದು ಮರ ಮಾರಿದರು. ಇಳಾ ಇದನ್ನೆಲ್ಲ ಬಿಸ್ಕತ್ತು ತಿನ್ನುತ್ತ ಹೇಳುವಳು. ನಾನು ನಿಂತ ಕಾರಿನ ಸ್ಟೀರಿಂಗನ್ನೇ ಬಿಗಿಯಾಗಿ ಹಿಡಿದಿರುತ್ತಿದ್ದೆ.

ಇಷ್ಟಾದ ಮೇಲೆ ಶಾಲೆಯವರು ಮಕ್ಕಳನ್ನು ಕಡಲತೀರದ ಮೊಂಬಾಸಾಗೆ ಕರೆದೊಯ್ದು ಹಾಯಿದೋಣಿಯಲ್ಲಿ ಸುತ್ತಿಸುವುದಾಗಿ ಹೇಳಿದರು. ನಾನು ಬೇಡವೆಂದೆ. ಹೆಂಡತಿ ಸುಮಾ ಡಾಕ್ಟರು. ದಿನವೂ ನಿಜವಾದ ಅಪಾಯಗಳನ್ನು ನೋಡುವವಳು, ನನ್ನ ಅಪಾಯಗಳಿಗೆ ಅವಳಲ್ಲಿ ಬೆಲೆಯಿಲ್ಲ.

"ರೀ, ಅವಳೇನು ಯುದ್ಧಕ್ಕೆ ಹೋಗ್ತಿದಾಳಾ? ಸ್ಕೂಲ್ ಟ್ರಿಪ್ ಅಷ್ಟೇ" ಎಂದಳು. ಇಳಾ ಹೋದಳು.

ಮರುದಿನ ಮಧ್ಯಾಹ್ನ ವೆಸ್ಟ್‌ಲ್ಯಾಂಡ್ಸ್‌ನ ನನ್ನ ಆಫೀಸಿಗೆ ಟೀಚರ್ ಫೋನ್ ಮಾಡಿದರು. ಗಾಳಿ ಜೋರಾಗಿದೆ, ಊಟದ ಹೊತ್ತಿಗೆ ಮರಳಬೇಕಿದ್ದ ಎರಡು ದೋಣಿಗಳಲ್ಲಿ ಒಂದು ಬಂದಿಲ್ಲ, ಹುಡುಕಲು ಮೋಟಾರು ದೋಣಿ ಹೋಗಿದೆ, ಗಾಬರಿಯಾಗಬೇಡಿ ಎಂದರು. ಇಳಾ ಯಾವುದರಲ್ಲಿ ಎಂದು ಕೇಳಿದೆ. ಬಾರದಿದ್ದ ದೋಣಿಯಲ್ಲಿ.

ಸುಳ್ಳು ಭಯದಲ್ಲಿ ನನಗೆ ಮಾತು ಹೆಚ್ಚು. ನಿಜವಾದದ್ದು ಬಂದಾಗ ಸುಮಾಗೆ ಫೋನಿನಲ್ಲಿ "ಇಳಾ, ದೋಣಿ" ಎಂಬೆರಡೇ ಮಾತು ಹೇಳಿದೆ. ಅವಳು ಆಸ್ಪತ್ರೆಯಿಂದ ಹಾಗೇ ಹೊರಟು ಬಂದಳು. ಆಫೀಸಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ, ನಡುವೆ ಫೋನಿಟ್ಟುಕೊಂಡು ಕೂತೆವು. ಮೊಂಬಾಸಾಗೆ ಹೊರಡೋಣವೆಂದರೆ, ದಾರಿಯಲ್ಲಿ ಸಿಗ್ನಲ್ ಹೋದರೆ ಎಂಬ ಹೆದರಿಕೆ. ತುಂಬ ಹೊತ್ತಾದ ಮೇಲೆ ಸುಮಾ ಕೇಳಿದಳು:

"ಆ ಹಡಗು ಕೊನೆಗೆ ಮುಳುಗ್ತಾ?"

ನೆನಪು ಮಾಡಿಕೊಂಡೆ. ಜ್ವರ, ಬಿರುಗಾಳಿ, ಡಿಕ್ಕಿ, ಗುಂಡು. "ಇಲ್ಲ. ಮುಳುಗಲೇ ಇಲ್ಲ" ಎಂದೆ. ಪ್ರತಿಸಲವೂ ಅದು ಹೇಗೋ ಕುಂಟಿಕೊಂಡು ಬಂದರಿಗೆ ಬಂದಿತ್ತು. ಅಷ್ಟು ದಿನ ಕಿವಿಯಾರೆ ಕೇಳಿಯೂ ನನಗೆ ಅದೊಂದು ಮಾತ್ರ ಕೇಳಿಸಿರಲಿಲ್ಲ. ಸುಮಾ ಅಂದು ಮೊದಲ ಬಾರಿಗೆ ಅತ್ತಳು.

ಸಂಜೆಯ ಹೊತ್ತಿಗೆ ಫೋನ್ ಬಂತು. ಹಾಯಿ ಹರಿದು, ಗಾಳಿ ದೋಣಿಯನ್ನು ಮರಳದಿಬ್ಬಕ್ಕೆ ತಳ್ಳಿತ್ತು. ಮೋಟಾರು ದೋಣಿ ಎಲ್ಲರನ್ನೂ ದಡಕ್ಕೆ ಕರೆತಂದಿತ್ತು. "ವಿ ಆರ್ ಫೈನ್, ಅಪ್ಪ" ಎಂದಳು ಇಳಾ. ಆಮೇಲೆ, ನಮ್ಮ ಕನ್ನಡಕ್ಕೆ ಸದಾ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಸಣ್ಣ ದನಿಯಲ್ಲಿ "ತುಂಬ ಹೆದರಿಕೆ ಆಯ್ತು" ಎಂದಳು.

ಇಂಥಲ್ಲಿ ಅಪ್ಪನಾದವನು ಧೈರ್ಯ ಹೇಳಬೇಕು. ನನ್ನ ಬಳಿ ಇದ್ದರೆ ತಾನೆ? "ನಂಗೂ ಕಣೆ" ಎಂದೆ. ಆ ಕಡೆ ಅವಳ ಉಸಿರು ಸಡಿಲವಾದದ್ದು ಕೇಳಿಸಿತು.

ದಡ ಸೇರಿದ ಮೇಲೆ, ಯಾರಿಗೆ ಫೋನ್ ಮಾಡಲಿ ಎಂದು ಟೀಚರ್ ಕೇಳಿದಾಗ ಅವಳು ಹೇಳಿದ್ದು ಗಟ್ಟಿಗಿತ್ತಿ ತಾಯಿಯ ಹೆಸರಲ್ಲ, ನನ್ನದಂತೆ. ಸುಮಾಗೆ ಇದರಿಂದ ಸ್ವಲ್ಪ ಬೇಸರವೇ ಆಗಿದೆ. ಆದರೆ ಹೆದರಿದವರಿಗೆ ಧೈರ್ಯವಂತರ ಮುಂದೆ ನಾಚಿಕೆಯಾಗುತ್ತದೆ. ನಮ್ಮಂಥವರ ಮುಂದೆ ಆ ತೊಂದರೆಯಿಲ್ಲ.