ಒಳಕೋಣೆಯ ದನಿ

ವಿಶ್ವವಿದ್ಯಾಲಯದ ನಾಟಕ ಮತ್ತು ನೃತ್ಯ ವಿಭಾಗದಲ್ಲಿ ರಂಗಸಜ್ಜಿಕೆ ಕಟ್ಟುವ ಬಡಗಿಯನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನ ಕೈಕೆಳಗೆ ಕೆಲಸ ಮಾಡುವವರು ಒಬ್ಬರೂ ಇರಲಿಲ್ಲ, ಆದರೂ ಮೇಸ್ತ್ರಿ. ರಂಗಮಂದಿರದ ಬೆನ್ನಿಗೆ ಅಂಟಿಕೊಂಡಿದ್ದ ಉದ್ದನೆಯ ಕೋಣೆಯೇ ಅವನ ಕಾರ್ಖಾನೆ. ಅದರ ಮೇಲಿನ ಮಹಡಿಯಲ್ಲಿ ನೃತ್ಯದವರ ತಾಲೀಮು. ಅವರು ಹೆಜ್ಜೆ ಹಾಕತೊಡಗಿದರೆ ತೊಲೆಗಳ ಮೇಲೆ ಕೂತ ಮರದ ಪುಡಿ ಸಣ್ಣಗೆ ಉದುರುತ್ತಿತ್ತು. “ಮೇಲೆ ಅವರು ಕುಣಿದ್ರೆ ಕೆಳಗೆ ನನ್ನ ಟೀಗೆ ಸಕ್ಕರೆ ಬೀಳುತ್ತೆ” ಎಂದು ಅವನು ಲೋಟಕ್ಕೆ ಅಂಗೈ ಮುಚ್ಚುತ್ತಿದ್ದ.

ಅರಮನೆ, ಸೆರೆಮನೆ, ರೈಲು ನಿಲ್ದಾಣ, ಹಡಗಿನ ಅಟ್ಟ, ಎಲ್ಲವನ್ನೂ ಕಟ್ಟಿದ್ದ. ಪ್ರದರ್ಶನ ಮುಗಿದ ಮರುದಿನವೇ ಎಲ್ಲವನ್ನೂ ಬಿಚ್ಚಿ, ಮೊಳೆ ಕಿತ್ತು, ಹಲಗೆಗಳನ್ನು ಗೋಡೆಗೆ ಒರಗಿಸಿದ್ದ. ಮುಂದೆ ಕೂತು ನಾಟಕ ನೋಡಿದವನಲ್ಲ. ಪರದೆಯ ಹಿಂದೆ ನಿಂತು ನಟರ ಬೆನ್ನು ನೋಡಿಯೇ ಅವನ ವಯಸ್ಸು ಐವತ್ತು ದಾಟಿತ್ತು.

ಆ ವರ್ಷದ ಪ್ರದರ್ಶನಗಳ ಭಿತ್ತಿಪತ್ರ ಅಂಟಿಸಿದ ದಿನ ವಿಭಾಗದಲ್ಲಿ ಎಂದಿನ ಗದ್ದಲವಿತ್ತು. ಎರಡು ನಾಟಕ, ಒಂದು ಸಂಜೆಯ ನೃತ್ಯ, ಕೊನೆಗೆ ವಿದ್ಯಾರ್ಥಿಗಳೇ ಕಟ್ಟಿದ ಕಿರುಪ್ರಯೋಗಗಳು. ಮೊದಲನೆಯದನ್ನು ನಾಟಕದವರೂ ನೃತ್ಯದವರೂ ಸೇರಿ ಆಡಬೇಕೆಂದು ಹೊಸ ನಿರ್ದೇಶಕಿ ಹಟ ಹಿಡಿದಿದ್ದಳು. ಆಕೆ ಆರಿಸಿದ್ದು ಬಹಳ ಹಿಂದೆ ಇದೇ ವಿಭಾಗ ಆಡಿದ್ದ ಒಂದು ನಾಟಕ. ದೊಡ್ಡವರಾದ ಮೂವರು ಮಕ್ಕಳು ಹುಟ್ಟಿದ ಮನೆಗೆ ಮರಳುತ್ತಾರೆ. ಒಳಕೋಣೆಯಿಂದ ತಾಯಿ ಆಗಾಗ ಕರೆಯುತ್ತಾಳೆ, ಹೊರಗೆ ಮಾತ್ರ ಬರುವುದಿಲ್ಲ. ಆಕೆ ಬದುಕಿದ್ದಾಳೋ ಇಲ್ಲವೋ ಎಂಬುದನ್ನು ನಾಟಕ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ.

“ಈ ಸಲ ಒಳಕೋಣೆಗೆ ತೆಳು ಬಟ್ಟೆಯ ಗೋಡೆ ಬೇಕು, ಮೇಸ್ತ್ರಿ,” ಎಂದಳು ನಿರ್ದೇಶಕಿ, ಮೇಜಿನ ಮೇಲೆ ನಕ್ಷೆ ಹರಡಿ. “ಅದರ ಹಿಂದೆ ನೃತ್ಯದ ಹುಡುಗಿ ಇರ್ತಾಳೆ. ಅವಳ ನೆರಳು ಮಾತ್ರ ಕಾಣ್ಬೇಕು. ದನಿಗೆ ಒಂದು ಮೈ ಕೊಡೋಣ ಅಂತ.”

“ಬಟ್ಟೆ ಜೋಲು ಬೀಳದ ಹಾಗೆ ಚೌಕಟ್ಟು ಕೊಡ್ತೀನಿ ಬಿಡಿ,” ಎಂದ ಮೇಸ್ತ್ರಿ. ನಾಟಕದ ಹೆಸರು ಕೇಳಿದಾಗ ಎಲ್ಲೋ ಒಂದು ಎಳೆ ಅಲುಗಿದಂತಾಯಿತು. ಅದನ್ನು ಅವನು ಹಿಡಿದು ಎಳೆಯಲಿಲ್ಲ.

ಎರಡು ದಿನ ಕಳೆದಿರಬೇಕು. ಚೌಕಟ್ಟಿನ ರೀಪಿಗೆ ಉಜ್ಜುಗೊರಡು ಹಾಕುತ್ತಿದ್ದ. ಪಕ್ಕದ ರಂಗಮಂದಿರದಿಂದ, ಅರ್ಧ ತೆರೆದ ಬಾಗಿಲಿನ ಮೂಲಕ, ಒಂದು ಹೆಂಗಸಿನ ದನಿ ಬಂತು.

“ಯಾರದು ಹೊರಗಡೆ?”

“ನಾನೇ ಕಣೇ,” ಎಂದ ಮೇಸ್ತ್ರಿ.

ಹೇಳಿ ಮುಗಿದ ಮೇಲೆ ಅವನ ಕೈ ನಿಂತಿತು. ಎದೆ ಧಸಕ್ಕೆಂದಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಮೇಲೆ ನೃತ್ಯದವರು ಹೆಜ್ಜೆ ಹಾಕುತ್ತಲೇ ಇದ್ದರು. ಮತ್ತೆ ಅದೇ ದನಿ, ಇನ್ನೂ ಹತ್ತಿರದಿಂದ ಎಂಬಂತೆ: “ಬೆಳಕಿರೋವಾಗ್ಲೇ ಬಂದ್ಬಿಡು.”

ಅದು ಅವನ ಹೆಂಡತಿಯ ದನಿ. ಅವಳು ಸತ್ತಾಗ ಮಗಳು ಎರಡನೆಯ ತರಗತಿಯಲ್ಲಿದ್ದಳು. ಈಗ ಮಗಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು.

ಕಾಲೆಳೆದುಕೊಂಡು ಹೋಗಿ ಇಣುಕಿದ. ಖಾಲಿ ವೇದಿಕೆ. ಹಿಂದಿನ ಗಾಜಿನ ಗೂಡಿನಲ್ಲಿ ಕೂತು ಸ್ಪೀಕರುಗಳನ್ನು ಸರಿಮಾಡುತ್ತಿದ್ದವನು ಸೌಂಡಪ್ಪ. ಧ್ವನಿಯ ಉಸ್ತುವಾರಿ ಅವನದು. ಹುಡುಗರಿಟ್ಟ ಆ ಹೆಸರು ಈಗ ಸಂಬಳದ ದಿನ ಬಿಟ್ಟರೆ ಎಲ್ಲ ದಿನವೂ ಅವನ ಹೆಸರೇ ಆಗಿತ್ತು.

“ಹಳೇ ಟೇಪಲ್ಲಿ ಸಿಕ್ತು ಮೇಸ್ತ್ರಿ,” ಎಂದ ಸೌಂಡಪ್ಪ, ಗೂಡಿನಿಂದ ತಲೆ ಹೊರಹಾಕಿ. “ಧೂಳು ಒರೆಸಿ ಕಂಪ್ಯೂಟರಿಗೆ ಹಾಕ್ದೆ. ಎಂಥಾ ದನಿ ಅಲ್ವಾ? ಯಾರೋ ಏನೋ. ಮೇಡಂ ಇದೇ ಇರ್ಲಿ ಅಂದ್ರು.”

ಸೌಂಡಪ್ಪ ಕೆಲಸಕ್ಕೆ ಸೇರಿದ್ದು ಅವಳು ಸತ್ತ ಮೇಲೆ. ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಮೇಸ್ತ್ರಿ “ಹ್ಞೂಂ” ಎಂದಷ್ಟೇ ಹೇಳಿ ಹಿಂದಿರುಗಿದ.

ಎಲ್ಲ ನೆನಪಾಯಿತು. ಹೆಂಡತಿ ಇದೇ ವಿಭಾಗದ ಉಡುಪಿನ ಕೋಣೆಯಲ್ಲಿ ಹೊಲಿಗೆ, ಇಸ್ತ್ರಿ ನೋಡಿಕೊಳ್ಳುತ್ತಿದ್ದಳು. ಅಂದು ಈ ನಾಟಕದಲ್ಲಿ ತಾಯಿಯ ಮಾತಾಡಬೇಕಿದ್ದ ವಿದ್ಯಾರ್ಥಿನಿಗೆ ಗಂಟಲು ಕಟ್ಟಿ ದನಿಯೇ ಹೊರಡದಿದ್ದಾಗ, ಆಗಿನ ನಿರ್ದೇಶಕರಿಗೆ ಮೊಗಸಾಲೆಯಲ್ಲಿ ಇವಳು ಗಂಡನಿಗೆ ಬೈಯುವುದು ಕೇಳಿಸಿತ್ತಂತೆ. “ಇದೇ ದನಿ ಬೇಕು, ಕರ್ಕೊಂಡ್ಬನ್ನಿ” ಎಂದು ಕೂರಿಸಿ ಮಾತಾಡಿಸಿದ್ದರು. ಅವಳು ನಗು ತಡೆಯಲಾರದೆ ಅರ್ಧ ದಿನ ಹಾಳುಮಾಡಿ, ಕೊನೆಗೆ ಅವರು ಹೇಳಿಕೊಟ್ಟ ಹಾಗೆಯೇ ಹೇಳಿ ಮುಗಿಸಿದ್ದಳು. ಮನೆಗೆ ಬಂದು, “ನಿಮಗೆ ಬೈದಿದ್ದಕ್ಕೆ ನನಗೆ ನಾಟಕದಲ್ಲಿ ಪಾರ್ಟು ಸಿಕ್ತು” ಎಂದು ಕುಣಿದಿದ್ದಳು. ಅದಾದ ಕೆಲವೇ ಕಾಲಕ್ಕೆ ಜ್ವರವೆಂದು ಮಲಗಿದವಳು ಏಳಲಿಲ್ಲ.

ಮೊದಲ ಕೆಲವು ದಿನ ಆ ದನಿ ಕೇಳಿಸಲೆಂದೇ ಅವನು ಬಾಗಿಲು ತೆರೆದಿಟ್ಟ. ಬೆಳಿಗ್ಗೆ ಬೇಗ ಬಂದ. ತಾಲೀಮಿನಲ್ಲಿ ಹುಡುಗರು ಎಡವಿದಾಗಲೆಲ್ಲ ಸೌಂಡಪ್ಪ ಹಿಂದಕ್ಕೆ ಹೋಗಿ ಮತ್ತೆ ಹಚ್ಚುತ್ತಿದ್ದ. ಅವಳು ಮತ್ತೆ ಕರೆಯುತ್ತಿದ್ದಳು. ಒಂದೇ ಮಾತು, ಒಂದೇ ಏರಿಳಿತ, ‘ಬಂದ್ಬಿಡು’ವಿನ ಕೊನೆಗೆ ಅದೇ ಸಣ್ಣ ಉಸಿರು. ಒಂದು ದಿನ ಮಧ್ಯಾಹ್ನ ಹುಡುಗರೆಲ್ಲ ಊಟಕ್ಕೆ ಹೋದ ಮೇಲೂ ಸೌಂಡಪ್ಪ ಅದನ್ನು ತಿರುಗಿಸುತ್ತಲೇ ಇದ್ದ. ಖಾಲಿ ಕುರ್ಚಿಗಳನ್ನು ಅವಳು ಕರೆದಳು, ಕರೆದಳು, ಕರೆದಳು. ಸತ್ತವಳಿಗೆ ಯಾಕಿಷ್ಟು ದುಡಿಮೆ ಎನ್ನಿಸಿತು ಮೇಸ್ತ್ರಿಗೆ.

ಆಮೇಲೆ ಶುರುವಾಯಿತು ನಿಜವಾದ ಕಾಟ. ಮನೆಯಲ್ಲಿ ಮಲಗಿ ಹೆಂಡತಿಯನ್ನು ನೆನೆದರೆ ಅವಳು ನಾಟಕದ ದನಿಯಲ್ಲೇ ಮಾತಾಡತೊಡಗಿದಳು. ಮದುವೆಯಾದ ಹೊಸತರಲ್ಲಿ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಆಡಿದ ಜಗಳವೂ ಆ ದನಿಯಲ್ಲೇ. ಮಗಳು ಹುಟ್ಟಿದಾಗ ಹೇಳಿದ ಮಾತೂ ಆ ದನಿಯಲ್ಲೇ. ಆಸ್ಪತ್ರೆಯಲ್ಲಿ ಅವಳು ಕೊನೆಯದಾಗಿ ಕೇಳಿದ್ದು “ಮಗು ಊಟ ಮಾಡ್ತಾ?” ಎಂದು. ಇಷ್ಟು ವರ್ಷ ಆ ಮೂರು ಮಾತನ್ನು ಅವನು ಕಣ್ಣಿನ ಪಾಪೆಯಂತೆ ಕಾಪಾಡಿಕೊಂಡಿದ್ದ. ಈಗ ಅದೂ ತೇಲುತ್ತ, ಕೊನೆಯಲ್ಲಿ ಸಣ್ಣ ಉಸಿರು ಬಿಡುತ್ತ, ವೇದಿಕೆಯ ಮೇಲಿನ ಮಾತಿನಂತೆ ಕೇಳಿಸಿತು. ಅವಳ ನಿಜವಾದ ದನಿ ಹೇಗಿತ್ತು? ನೆನಪಿನಲ್ಲಿ ತಡಕಾಡಿದಷ್ಟೂ ಕೈಗೆ ಸಿಗುತ್ತಿದ್ದುದು ಟೇಪು.

ಮೇಸ್ತ್ರಿ ಬಾಗಿಲು ಮುಚ್ಚಿ ಕೆಲಸ ಮಾಡತೊಡಗಿದ. ಕಿವಿಗೆ ಹತ್ತಿ ತುರುಕಿಕೊಂಡ. ಹತ್ತಿಯನ್ನೂ ದಾಟಿ ಬರುತ್ತಿತ್ತು.

ಬಟ್ಟೆಯ ಗೋಡೆ ಎದ್ದು ನಿಂತ ದಿನ ಬೆಳಕಿನ ಪರೀಕ್ಷೆ ನಡೆಯಿತು. ಹಿಂದಿನಿಂದ ದೀಪ ಹಚ್ಚಿದರು. ನೃತ್ಯದ ಹುಡುಗಿ ಬಂದು ನಿಂತಳು. ಉತ್ಸಾಹದ ಹುಡುಗಿ, ಮೆಟ್ಟಿಲಲ್ಲಿ ಸಿಕ್ಕರೆ ತಪ್ಪದೆ ನಮಸ್ಕಾರ ಹೇಳುವವಳು. ಬಟ್ಟೆಯ ಮೇಲೆ ಅವಳು ಅವಳಾಗಿ ಉಳಿಯಲಿಲ್ಲ. ಬರೀ ಒಂದು ಹೆಣ್ಣಿನ ಆಕಾರ. “ಯಾರದು ಹೊರಗಡೆ?” ಎಂದಿತು ದನಿ. ನೆರಳು ಮೆಲ್ಲಗೆ ಎರಡೂ ಕೈ ಎತ್ತಿ, ಬಿಚ್ಚಿದ ಕೂದಲನ್ನು ಹಿಂದೆ ಗಂಟು ಹಾಕಿಕೊಂಡು, ಈ ಕಡೆಗೆ ತಿರುಗಿತು.

ಮೇಸ್ತ್ರಿ ಉಪಕರಣದ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಕೈಯಲ್ಲಿದ್ದ ಸುತ್ತಿಗೆ ಬಿದ್ದ ಸದ್ದಿಗೆ ತಾಲೀಮು ನಿಂತಿತು.

“ಏನಾಯ್ತು ಮೇಸ್ತ್ರಿ? ನೀರು ತನ್ನಿ ಯಾರಾದ್ರೂ!” ನಿರ್ದೇಶಕಿ ಓಡಿ ಬಂದಳು.

ಕಾರಣ ಹೇಳಿದವಳು ಉಡುಪಿನ ಕೋಣೆಯ ಬಟ್ಟೆಯಕ್ಕ. ಅವಳೂ ಮೇಸ್ತ್ರಿಯ ಹೆಂಡತಿಯೂ ಒಂದೇ ಮೇಜಿನ ಎದುರುಬದುರು ಕೂತು ಹೊಲಿದವರು. “ಅದು ಇವರ ಹೆಂಡ್ತಿ ದನಿ, ಮೇಡಂ. ನನಗೆ ಮೊದಲ ದಿನವೇ ಗೊತ್ತಾಯ್ತು. ಇವರು ಸುಮ್ಮನಿದ್ರು, ನಾನೂ ಸುಮ್ಮನಿದ್ದೆ.”

ನಿರ್ದೇಶಕಿಯ ಮುಖ ಬಿಳಿಚಿತು. ಆಕೆ ಅಲ್ಲೇ ನೆಲದ ಮೇಲೆ, ಅವನ ಎದುರಿಗೆ ಕೂತಳು.

“ನನಗೆ ಗೊತ್ತಿರ್ಲಿಲ್ಲ. ತೆಗೆದುಬಿಡ್ತೀನಿ. ಬೇರೆ ಯಾರ ಹತ್ರನಾದ್ರೂ ಹೇಳಿಸೋಣ. ನೀವು ಒಂದು ಮಾತು ಹೇಳಿ, ಸಾಕು.”

ತೆಗೆದುಬಿಡಿ ಎನ್ನಲು ಅವನ ನಾಲಿಗೆ ಹೊರಳಿತ್ತು. ಆದರೆ ಮಗಳ ಮುಖ ಅಡ್ಡ ಬಂತು. ಅವಳಿಗೆ ಅವನು ಇದನ್ನು ಹೇಳಿಯೇ ಇರಲಿಲ್ಲ.

“ನಾಳೆ ಹೇಳ್ತೀನಿ,” ಎಂದ.

ಅಂದು ಸಂಜೆ ಊಟಕ್ಕೆ ಕೂತಾಗ ಹೇಳಿದ. ಮಗಳು ತಟ್ಟೆಯಿಂದ ಕೈ ಹಿಂದೆಗೆದಳು.

“ಎಷ್ಟು ದಿನದಿಂದ?”

“ತಾಲೀಮು ಶುರುವಾದಾಗಿನಿಂದ.”

“ನೀನು ದಿನಾ ಅಮ್ಮನ ದನಿ ಕೇಳ್ಕೊಂಡು ಮನೆಗೆ ಬರ್ತಿದ್ದೆ. ಬಂದು ನನ್ನ ಹತ್ರ ಬಲ್ಬು ಹೋಗಿದೆ, ನಲ್ಲಿ ಸೋರ್ತಿದೆ ಅಂತ ಮಾತಾಡ್ತಿದ್ದೆ.”

“ನಿನಗೆ ಯಾಕೆ ಸುಮ್ನೆ ನೋವು ಅಂತ...”

“ನನಗೆ ಅಂತ ಅಮ್ಮಂದು ಏನಿದೆಯಪ್ಪಾ? ನಾಲ್ಕು ಫೋಟೋ. ಅದರಲ್ಲೂ ಎರಡರಲ್ಲಿ ಕಣ್ಣು ಮುಚ್ಚಿದಾಳೆ. ಆ ದನಿನ ತೆಗೆಸೋ ಮುಂಚೆ ನಾನು ಕೇಳ್ಬೇಕು.”

ಮರುದಿನ ಅವಳು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬಂದಳು. ರಂಗಮಂದಿರದ ನಡುವಿನ ಸಾಲಿನಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ವೈದ್ಯರ ಸರದಿಗೆ ಕಾಯುವವಳಂತೆ ಕೂತಳು. ಮೇಸ್ತ್ರಿ ಪಕ್ಕದಲ್ಲಿ ಕೂತ. ಆ ಕುರ್ಚಿಗಳಲ್ಲಿ ಅವನು ಕೂತದ್ದು ಅದೇ ಮೊದಲು. ನಿರ್ದೇಶಕಿ ದೂರದಲ್ಲಿ ಗೋಡೆಗೆ ಒರಗಿ ನಿಂತಳು. ಸೌಂಡಪ್ಪ ಎಂದಿಲ್ಲದ ಮರ್ಯಾದೆಯಿಂದ, “ಹಾಕ್ಲಾ?” ಎಂದು ಕೇಳಿ ಹಚ್ಚಿದ.

“ಯಾರದು ಹೊರಗಡೆ?... ಬೆಳಕಿರೋವಾಗ್ಲೇ ಬಂದ್ಬಿಡು.”

ಮೇಸ್ತ್ರಿ ಮಗಳ ಕಡೆ ನೋಡಲು ಅಂಜಿದ. ಅವಳು ಅಳುತ್ತಾಳೆ, ತಾನು ಭುಜ ಹಿಡಿಯಬೇಕು ಎಂದು ಸಿದ್ಧನಾಗಿದ್ದ.

“ಯಾರಿದು?” ಎಂದಳು ಮಗಳು.

“ಯಾರು ಅಂದ್ರೆ? ನಿಮ್ಮಮ್ಮ ಕಣೇ!”

“ಅಲ್ಲಪ್ಪಾ. ಅಮ್ಮ ಹೀಗೆಲ್ಲಿ ಮಾತಾಡ್ತಿದ್ಲು?”

ಅವನಿಗೆ ಸಿಟ್ಟು ಬಂತು. ಇಷ್ಟು ದಿನ ಯಾವ ದನಿಯಿಂದ ತಪ್ಪಿಸಿಕೊಳ್ಳಲು ಒದ್ದಾಡಿದ್ದನೋ ಅದರ ಪರವಾಗಿಯೇ ಜಗಳಕ್ಕೆ ನಿಂತ. “ಬಟ್ಟೆಯಕ್ಕನ್ನ ಕೇಳು ಬೇಕಾದ್ರೆ. ನಿನಗೆ ಏನು ನೆನಪಿದೆ? ನೀನಾಗ ಇಷ್ಟುದ್ದ ಇದ್ದೆ.”

“ಅವಳದೇ ಇರಬಹುದು. ಆದ್ರೆ ಇದು ಯಾರೋ ನೆಂಟರ ಮನೆಗೆ ಹೋದಾಗ ಮಾತಾಡೋ ದನಿ. ಮನೇಲಿ ಅವಳು ಬಾಯಿ ಬಿಟ್ಟು ಮಾತಾಡಿದ್ದನ್ನ ನಾನು ನೋಡೇ ಇಲ್ಲ. ಯಾವಾಗ್ಲೂ ಬಾಯಲ್ಲಿ ಗುಂಡುಪಿನ್ನು ಕಚ್ಕೊಂಡಿರ್ತಿದ್ಲು, ನಿನಗೆ ನೆನಪಿಲ್ವಾ? ಅಮ್ಮಂಗೆ ಹಲ್ಲಿನ ಬದಲು ಪಿನ್ನೇ ಇರೋದು ಅಂತ ಶಾಲೇಲಿ ಹೇಳಿ ಬೈಸ್ಕೊಂಡಿದ್ದೆ.” ಹಾಗೆನ್ನುತ್ತ ಅವಳು ತುಟಿಯನ್ನು ಒಂದು ಬದಿಗೆ ಬಿಗಿದು, ಹಲ್ಲಿನ ಸಂದಿಯಿಂದ, ಅರ್ಧ ಮೂಗಿನಲ್ಲಿ ಹೇಳಿದಳು: “ಅಲ್ಲಾಡ್ಬೇಡ ಮಗೂ, ಚುಚ್ಚುತ್ತೆ.”

ಮೇಸ್ತ್ರಿಯ ಮೈಯೆಲ್ಲ ಜುಮ್ಮೆಂದಿತು. ಅವಳೇ. ಹಿಂದೆ ಕೂತು ಕುತ್ತಿಗೆಗೆ ಊದಿದಷ್ಟು ಹತ್ತಿರ. ಒಂದು ಕ್ಷಣ ಅವನಿಗೆ ತಿರುಗಿ ನೋಡಲು ಭಯವಾಯಿತು. ತಿರುಗಿದರೆ ಅಲ್ಲಿ ಮಗಳೇ ಕೂತಿರುತ್ತಾಳೆ ಎಂಬುದೇ ಆ ಭಯ. ಮುಚ್ಚಿದ ಹಲ್ಲುಗಳ ನಡುವಿನಿಂದ ಹೆಂಡತಿ ಲೆಕ್ಕವಿಲ್ಲದಷ್ಟು ಮಾತಾಡಿದ್ದಳು. ಬೈದಿದ್ದಳು, ಹಾಡಿದ್ದಳು, ಪಿನ್ನು ಕಚ್ಚಿಕೊಂಡೇ ನಕ್ಕು ಒಮ್ಮೆ ಒಂದನ್ನು ನುಂಗಿದೆನೆಂದು ಮನೆ ತಲೆಕೆಳಗು ಮಾಡಿದ್ದಳು. ಅವೆಲ್ಲ ಒಟ್ಟಿಗೆ ನುಗ್ಗಿ ಬಂದವು. ಮಗುವಿನ ಕಿವಿಯಲ್ಲಿ ಇದು ಇಷ್ಟು ವರ್ಷ ಕೂತಿತ್ತು. ಅವನು ಅವಳನ್ನು ಒಮ್ಮೆಯೂ ಕೇಳಿ ನೋಡಿರಲಿಲ್ಲ.

“ಅಪ್ಪಾ? ಯಾಕೆ ಹಾಗೆ ನೋಡ್ತೀಯ?”

“ಏನಿಲ್ಲ,” ಎಂದ.

ನಿರ್ದೇಶಕಿ ಹತ್ತಿರ ಬಂದಾಗ ಅವನು ಎದ್ದು ನಿಂತ. “ಇರ್ಲಿ ಮೇಡಂ. ಅದು ನಿಮ್ಮ ನಾಟಕದ ತಾಯಿ ದನಿ. ಅವಳು ಅರ್ಧ ದಿನ ಕಷ್ಟಪಟ್ಟು ಕಲಿತು ಹೇಳಿದ್ದು. ತೆಗೀಬೇಡಿ. ಆದ್ರೆ ಹುಡುಗರು ಊಟಕ್ಕೆ ಹೋದಾಗ ಒಂಚೂರು ನಿಲ್ಲಿಸೋಕೆ ಹೇಳಿ.”

“ನಾನೇ ನಿಲ್ಲಿಸ್ತೀನಿ ಮೇಸ್ತ್ರಿ,” ಎಂದಿತು ಗಾಜಿನ ಗೂಡು.

ಆ ವರ್ಷದ ಪ್ರದರ್ಶನಗಳು ಆ ನಾಟಕದಿಂದಲೇ ಶುರುವಾದವು. ಸಭಾಂಗಣ ತುಂಬಿತ್ತು. ಮೇಸ್ತ್ರಿ ಎಂದಿನಂತೆ ಹಿಂದೆ, ಚೌಕಟ್ಟಿನ ಆಸರೆಗೋಲಿನ ಪಕ್ಕದಲ್ಲಿ ನಿಂತಿದ್ದ. ಅಲ್ಲಿಂದ ಅವನಿಗೆ ನೆರಳು ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಬೆವೆತ ಕುತ್ತಿಗೆಯ, ಉಸಿರು ಬಿಗಿಹಿಡಿದು ಹೆಜ್ಜೆ ಎಣಿಸುವ ಆ ಹುಡುಗಿ. ದನಿ ಕರೆಯಿತು. ಹೊರಗಡೆ ನೂರಾರು ಜನ ಸದ್ದಿಲ್ಲದೆ ಕೇಳಿದರು. ಅವನ ಎದೆ ಮತ್ತೆ ಧಸಕ್ಕೆಂದಿತು. ಅದು ಹೋಗಲಿಲ್ಲ, ಹೋಗುತ್ತದೆಂದು ಅವನು ಅಂದುಕೊಂಡಿರಲೂ ಇಲ್ಲ. ನಾಟಕದ ಕೊನೆಯಲ್ಲಿ ದೀಪ ಆರಿದ ಮೇಲೂ ಬಟ್ಟೆಯ ಹಿಂದೆ ಯಾರೋ ಇನ್ನೂ ನಿಂತಿದ್ದಾರೆ ಎನ್ನಿಸಿ, ಹುಡುಗಿ ಇತ್ತ ಬಂದದ್ದನ್ನು ನೋಡಿಯೂ ಒಮ್ಮೆ ಅಲ್ಲಿಗೆ ಹೋಗಿ ಕತ್ತಲಲ್ಲಿ ಕೈಯಾಡಿಸಿ ಬಂದ.

ಮಗಳು ಹೊರಗೆ ಕಾಯುತ್ತಿದ್ದಳು. ಇಬ್ಬರೂ ಬಸ್ಸಿಗಾಗಿ ನಿಂತರು. ಜನ ನಾಟಕದ ಮಾತಾಡುತ್ತ ಪಕ್ಕದಲ್ಲೇ ಹಾದುಹೋದರು.

“ಅವತ್ತು ಅಮ್ಮನ ಹಾಗೆ ಹೇಳಿದ್ಯಲ್ಲ,” ಎಂದ ಮೇಸ್ತ್ರಿ, ಬಸ್ಸು ಬರುವ ದಿಕ್ಕಿಗೆ ನೋಡುತ್ತ. “ಇನ್ನೊಂದು ಸಲ ಹೇಳು.”

ಮಗಳು ತುಟಿಯನ್ನು ಒಂದು ಬದಿಗೆ ಬಿಗಿದಳು. “ಅಲ್ಲಾಡ್ಬೇಡ ಮಗೂ...” ನಿಲ್ಲಿಸಿದಳು. ಕೂದಲಿನ ಪಿನ್ನು ತೆಗೆದು ಹಲ್ಲಲ್ಲಿ ಕಚ್ಚಿ ಮತ್ತೊಮ್ಮೆ ನೋಡಿದಳು. ಅದು ಪಿನ್ನು ಕಚ್ಚಿಕೊಂಡ ಮಗಳ ದನಿಯಾಗಿತ್ತು, ಅಷ್ಟೇ.

“ಬರ್ತಿಲ್ಲಪ್ಪಾ,” ಎಂದಳು. “ಅವತ್ತು ಹೇಗೆ ಬಂತೋ.”

“ಆಗ್ಲಿ ಬಿಡು. ಬೇಕೂಂತ ಕರೆದ್ರೆ ಅವಳು ಯಾವತ್ತು ಬಂದಿದ್ಲು?”

ಮಗಳು ನಕ್ಕಳು. ಅವನೂ ನಗಲು ನೋಡಿದ. ತಿರುವಿನಲ್ಲಿ ಬಸ್ಸಿನ ದೀಪ ಕಂಡಾಗ, ಪಿನ್ನನ್ನು ಕೂದಲಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮಗಳ ಕೈಯಿಂದ ಚೀಲ ತೆಗೆದುಕೊಂಡು ಅವನು ಮುಂದೆ ನಡೆದ.