ಸೇವಂತಿಯ ಗಾಡಿಯ ಬಚ್ಚಲು

ಏಣಿ ಹತ್ತಿ ಗಾಡಿಯ ಮಾಡಿನ ಮೇಲೆ ಕಣ್ಣು ಹಾಯಿಸಿದ್ದೇ ತಡ, ಸೇವಂತಿಗೆ ಸಿಟ್ಟು ನೆತ್ತಿಗೇರಿತು. ಬಚ್ಚಲಿನ ಗಾಳಿ ಹೊರಗೆಳೆಯುವ ಫ್ಯಾನು ಇರಬೇಕಾದ ಜಾಗದಲ್ಲಿ ಕರಿ ಮುದ್ದೆಯೊಂದು ಕೂತಿತ್ತು. ಮುಚ್ಚಳ ಅಂಟಿಹೋಗಿತ್ತು. ಅಂಟು ಬಿಸಿಲಿಗೆ ಕರಗಿ ಒಳಗಿಳಿದು ರೆಕ್ಕೆಗಳನ್ನೂ ಕಚ್ಚಿ ಹಿಡಿದಿತ್ತು. ಬೆಳಿಗ್ಗೆ ಸ್ವಿಚ್ ಹಾಕಿದಾಗ ಫ್ಯಾನು ಗುಂಯ್ ಎಂದು, ಸುಟ್ಟ ವಾಸನೆ ಬಿಟ್ಟು ಸತ್ತದ್ದು ಯಾಕೆಂದು ಈಗ ಗೊತ್ತಾಯಿತು.

"ಇದು ಯಾರ ಕೆಲಸ?" ಎಂದು ಮೇಲಿನಿಂದಲೇ ಕೂಗಿದಳು. ಕೇಳುವ ಅಗತ್ಯವೇ ಇರಲಿಲ್ಲ. ಕೆಳಗೆ ಏಣಿ ಹಿಡಿದು ನಿಂತಿದ್ದ ಗಂಡ ಚನಿಯಪ್ಪನ ಉಗುರುಸಂದಿಯಲ್ಲಿ ಅದೇ ಕಪ್ಪು ಇತ್ತು.

ಅವರಿರುವ ನೆಲ್ಯಾಡಿಯ ಕಡೆ ಮಳೆಗಾಲಕ್ಕೆ ಮುಂಚೆ ರಬ್ಬರ್ ಮರಗಳಿಗೆ ಪ್ಲಾಸ್ಟಿಕ್ಕಿನ ಲಂಗ ಕಟ್ಟುತ್ತಾರೆ, ಮಳೆನೀರು ಮರದ ಹಾಲಿಗೆ ಸೇರಬಾರದೆಂದು. ಲಂಗದ ಅಂಚು ಮರಕ್ಕೆ ಹಿಡಿಯಲು ಬಳಿಯುವ ಡಾಮರಿನಂಥ ಅಂಟಿಗೆ ಎಲ್ಲರೂ ಗಮ್ಮು ಎನ್ನುತ್ತಾರೆ. ಚನಿಯಪ್ಪನಿಗೆ ಗಮ್ಮಿನ ಮೇಲೆ ದೇವರಿಗಿಂತ ಹೆಚ್ಚು ನಂಬಿಕೆ. ಕೊಡೆ ತೂತಾದರೂ ಗಮ್ಮು, ಬಕೆಟು ಸೋರಿದರೂ ಗಮ್ಮು, ಚಪ್ಪಲಿ ಬಾಯಿಬಿಟ್ಟರೂ ಗಮ್ಮು. ಬೇಸಿಗೆ ಮಳೆಗೆ ಫ್ಯಾನಿನ ಸುತ್ತ ನಾಲ್ಕು ಹನಿ ಸೋರಿತೆಂದು ಹೆಂಡತಿಯನ್ನು ಒಂದು ಮಾತು ಕೇಳದೆ ಡಬ್ಬಿ ಬಿಸಿಮಾಡಿಕೊಂಡು ಮೇಲೆ ಹತ್ತಿದ್ದ ಮಹಾಶಯ.

"ಈಗ ಒಂದು ಹನಿ ನೀರು ಬರ್ತದಾ ನೋಡು," ಎಂದ, ಹೆಮ್ಮೆಯಿಂದಲೇ.

"ಗಾಳಿಯೂ ಬರುದಿಲ್ಲ. ಮರಕ್ಕೂ ಗಾಡಿಗೂ ವ್ಯತ್ಯಾಸ ಗೊತ್ತಿಲ್ವಾ ನಿಮಗೆ?"

ಸೇವಂತಿ ಪುತ್ತೂರು, ಕಡಬ, ಸುಬ್ರಹ್ಮಣ್ಯ ಎಂದು ತಿರುಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಆ ಮಾರ್ಗದಲ್ಲಿ ಅವಳ ಸೀಟಿಯ ಸದ್ದಿಗೆ ಹೆದರದ ಕಾಲೇಜು ಹುಡುಗರಿರಲಿಲ್ಲ. ನಿವೃತ್ತಿಯಾದ ಮೇಲೆ ಒಂದು ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಒಳಗೆ ಮಂಚ, ಒಲೆ, ಹಿಂದಿನ ಮೂಲೆಯಲ್ಲಿ ಕಪಾಟಿನಷ್ಟೇ ದೊಡ್ಡದಾದ, ಕಕ್ಕಸೂ ಇರುವ ಬಚ್ಚಲು ಮಾಡಿಸಿದಳು. ಮಂಚ, ಒಲೆಗಳ ವಿಚಾರ ಗಂಡನಿಗೆ ಬಿಟ್ಟಿದ್ದಳು. ಬಚ್ಚಲಿನದು ಮಾತ್ರ ಬಿಟ್ಟಿರಲಿಲ್ಲ. ನೋಡಿದವರು ಮುಸಿಮುಸಿ ನಕ್ಕಿದ್ದರು. ನಗಲಿ ಎಂದು ಸುಮ್ಮನಿದ್ದಳು.

ಮರುದಿನ ಇಬ್ಬರೂ ಮೊದಲ ಸಲ ಆ ಗಾಡಿಯಲ್ಲಿ ದೂರದ ಪ್ರಯಾಣ ಹೊರಡುವವರಿದ್ದರು. ಫ್ಯಾನಿಲ್ಲದಿದ್ದರೆ ಕಿಟಕಿಯೂ ಇಲ್ಲದ ಆ ಮೂಲೆಗೆ ಕಾಲಿಡುವ ಹಾಗಿಲ್ಲ, ನಾತ ಊಟದ ತಟ್ಟೆಯವರೆಗೂ ಬರುತ್ತದೆ. ಹಾಗಾಗಿ ಪೇಟೆಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಅಸ್ಕರನನ್ನು ಕರೆಸಿದಳು.

ಅಸ್ಕರ್ ಮೇಲೆ ಹತ್ತಿ ನೋಡಿ ತಲೆ ಅಲ್ಲಾಡಿಸಿದ. "ಮೋಟ್ರು ಹೋಗಿದೆ ಅಕ್ಕ. ಇಂಥದ್ದು ಬೆಂಗಳೂರಿಂದ ಬರಬೇಕು. ಸದ್ಯಕ್ಕೆ ಕಿತ್ತು, ತೂತಿಗೆ ಶೀಟು ಬಡಿದುಬಿಡುವ."

ಚನಿಯಪ್ಪನ ಮುಖ ಅರಳಿತು. "ಅದೇ ಒಳ್ಳೇದು. ಅಲ್ಲಿ ಸಾಮಾನು ಇಡ್ಲಿಕ್ಕೆ ಆಗ್ತದೆ. ದಾರಿಯಲ್ಲಿ ಅವಸರ ಆದರೆ ಎಲ್ಲಿಯಾದರೂ ನಿಲ್ಲಿಸಿದ್ರಾಯ್ತು. ಅದಕ್ಕೆಂತ ದೊಡ್ಡ ವಿಷಯ ಮಾರಾಯ್ತಿ?" ಎಂದ. ಇಬ್ಬರೂ ಗಂಡಸರು ನಕ್ಕರು.

ಆ ನಗು ಸೇವಂತಿಯ ಹೊಟ್ಟೆಗೆ ಬೆಂಕಿ ಹಾಕಿತು.

"ಎಲ್ಲಿಯಾದರೂ ಅಂದರೆ ಎಲ್ಲಿ? ತೋರಿಸಿ ನನಗೆ! ಡ್ರೈವರ್ ಬಸ್ಸು ನಿಲ್ಲಿಸಿ ಮರದ ಹಿಂದೆ ಹೋಗಿ ಬರ್ತಿದ್ದ. ನಾನು ಹಣದ ಚೀಲ ಹೊಟ್ಟೆಗೆ ಒತ್ತಿಕೊಂಡು ಟಿಕೆಟ್ ಕೊಡ್ತಿದ್ದೆ. ಸ್ಟ್ಯಾಂಡಿಗೆ ಬಂದರೆ ಕಕ್ಕಸಿಗೆ ಬೀಗ. ಬೀಗ ಇಲ್ಲದಿದ್ರೆ ನೀರಿಲ್ಲ. ಎರಡೂ ಸರಿ ಇದ್ದ ದಿವಸ ಬಸ್ಸು ಹೊರಡುವ ಟೈಮು. ವರ್ಷಕ್ಕೆರಡು ಸಲ ನಡುಗಿ ನಡುಗಿ ಜ್ವರ ಬರ್ತಿತ್ತಲ್ಲ, ಮಳೆಗೆ ನೆನೆದದ್ದು ಅಂತ ಕಷಾಯ ಮಾಡಿ ಕೊಟ್ರಲ್ಲ ನೀವು? ಅದು ಮಳೆಯ ಜ್ವರ ಅಲ್ಲ. ಮೂತ್ರ ಕಟ್ಟಿಕೊಂಡು ಬಂದ ಜ್ವರ! ಡಾಕ್ಟ್ರು ನನಗೆ ಹೇಳಿದ್ರು. ನಾಚಿಕೆಯಲ್ಲಿ ನಾನು ಯಾರ ಹತ್ರವೂ ಬಾಯಿ ಬಿಡಲಿಲ್ಲ."

ಅಸ್ಕರ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡುತ್ತ ನಿಂತ. ಚನಿಯಪ್ಪ ಉಗುರಿನ ಕಪ್ಪನ್ನು ಕೆರೆಯತೊಡಗಿದ. ಆದರೆ ಸೇವಂತಿಗೆ ಅವರ ಪೆಚ್ಚುಮೋರೆ ಕಟ್ಟಿಕೊಂಡು ಆಗಬೇಕಾದ್ದೇನೂ ಇರಲಿಲ್ಲ, ಫ್ಯಾನು ಬೇಕಿತ್ತು.

"ಫ್ಯಾನಿಲ್ಲದೆ ಗಾಡಿ ಹೊರಡುದಿಲ್ಲ. ಅವಸರ ಇದ್ದವರು ಬಸ್ಸಲ್ಲಿ ಹೋಗಬಹುದು."

ಮಧ್ಯಾಹ್ನವಿಡೀ ಚನಿಯಪ್ಪ ಬಿಸಿಲಲ್ಲಿ ಕೂತು ಸೀಮೆಎಣ್ಣೆ ಸುರಿದು ಗಮ್ಮು ಕೆರೆದ. ತಾನೇ ಬಳಿದದ್ದು ಎಷ್ಟು ಗಟ್ಟಿ ಎಂದು ಅವನಿಗೆ ಆಗಲೇ ಗೊತ್ತಾದದ್ದು. ಅಸ್ಕರ್ ಅಂಗಡಿಗೆ ಹೋಗಿ ಹಾಳಾದ ಇನ್ವರ್ಟರಿನೊಳಗಿನ ಪುಟ್ಟ ಫ್ಯಾನು ಬಿಚ್ಚಿ ತಂದ. ಗಾಡಿಯ ಬ್ಯಾಟರಿಗೆ ಅದು ಸರಿಯಾಗಿ ಹೊಂದುತ್ತಿತ್ತು. ಮೇಲೆ ತಗಡಿನ ಟೊಪ್ಪಿ ಹಾಕಿ, ಅಂಚಿಗೆ ಸಿಲಿಕಾನ್ ಹಚ್ಚಿದ. ಸೇವಂತಿ ಒಳಗೆ ಊದುಬತ್ತಿ ಹಚ್ಚಿ ಹಿಡಿದಳು. ಹೊಗೆ ನೆಟ್ಟಗೆ ಮೇಲೇರಿ ಹೊರಗೆ ಹೋಯಿತು. "ಹ್ಞಾಂ," ಎಂದಳು, ಅಷ್ಟೆ.

ಮರುದಿನ ಗುಂಡ್ಯ ದಾಟಿ ಘಾಟಿ ಏರುವಾಗ ಎಲ್ಲೋ ಮೇಲೆ ಲಾರಿ ಅಡ್ಡಬಿದ್ದು ದಾರಿ ಬಂದಾಯಿತು. ಗಾಡಿಗಳ ಸಾಲು ಅಲುಗಾಡಲಿಲ್ಲ. ಗಂಡಸರು ಇಳಿದು ಪೊದೆಗಳ ಕಡೆ ನಡೆದರು, ಚನಿಯಪ್ಪನೂ ಹೋದ. ಮುಂದಿನ ಬಸ್ಸಿನ ಬಾಗಿಲಲ್ಲಿ ಎಳೆಯ ಪ್ರಾಯದ ಕಂಡಕ್ಟರ್ ಒಬ್ಬಳು ಕಾಲಿನ ಮೇಲೆ ಕಾಲು ಬಿಗಿದು ಕೂತಿದ್ದಳು. ಸೇವಂತಿಗೆ ಆ ಕೂರುವ ರೀತಿ ಗೊತ್ತಿತ್ತು.

"ಬಾ ತಂಗಿ, ನನ್ನ ಗಾಡಿಯಲ್ಲಿ ಬಾತ್ರೂಮುಂಟು."

"ಬೇಡಕ್ಕ, ಅಡ್ಡಿಲ್ಲ."

"ಅಡ್ಡಿ ಉಂಟು. ಏಳು!"

ಅವಳು ಬಂದು ಹೋದಳು. ಅವಳ ಹಿಂದೆ ಅಜ್ಜಿಯೊಬ್ಬರು ಬಂದರು, ಮಗುವನ್ನೆತ್ತಿಕೊಂಡ ತಾಯಿ ಬಂದಳು, ಆಮೇಲೆ ಹಿಂದಿನ ಬಸ್ಸಿನವರೂ. ಗಾಡಿಯ ಬಾಗಿಲಿನಿಂದ ತಿರುವಿನವರೆಗೆ ಹೆಂಗಸರ ಸಾಲು. ತಮಗೂ ಅವಸರ ಎಂದು ಇಷ್ಟು ಹೊತ್ತು ಒಬ್ಬರೂ ತುಟಿ ಪಿಟಕ್ಕೆಂದಿರಲಿಲ್ಲ. ಅಜ್ಜಿ ಹೊರಬಂದು ಸೇವಂತಿಯ ಕೈ ಹಿಡಿದು, "ನಿಮಗೆ ಉಪದ್ರ ಕೊಟ್ಟೆ, ಕ್ಷಮಿಸಬೇಕು," ಎಂದರು. ಖುಷಿಯಾಗಬೇಕಿತ್ತು. ಸೇವಂತಿಗೆ ಮೈಯೆಲ್ಲ ಉರಿಯಿತು. ಇದಕ್ಕೂ ಕ್ಷಮೆ ಕೇಳಬೇಕಾ ಈ ಪ್ರಾಯದಲ್ಲಿ?

ಪೊದೆಯ ಕಡೆಯಿಂದ ಲುಂಗಿ ಸರಿಮಾಡಿಕೊಳ್ಳುತ್ತ ಬಂದ ಚನಿಯಪ್ಪ ಸಾಲು ಕಂಡು ನಿಂತುಬಿಟ್ಟ.

"ಟ್ಯಾಂಕು ತುಂಬುದಿಲ್ವಾ ಮಾರಾಯ್ತಿ?"

"ತುಂಬಲಿ! ಖಾಲಿ ಮಾಡುದು ನೀವು."

ಚನಿಯಪ್ಪ ಸಾಲಿನತ್ತ ಇನ್ನೊಮ್ಮೆ ನೋಡಿದ. ಆಮೇಲೆ ಬಕೆಟ್ ಎತ್ತಿಕೊಂಡು ನೀರು ತರಲು ದಾರಿಬದಿಯಲ್ಲಿ ಹರಿಯುವ ತೋಡಿಗೆ ಇಳಿದ.