ಮದಗಕ್ಕೆ ಹನ್ನೆರಡು ದಿನದ ಸೂತಕ

ಮೊನ್ನೆ ಕುಂದಾಪುರದ ಶನಿವಾರದ ಸಂತೆಯಲ್ಲಿ ಒಬ್ಬಾಕೆ ಬಾತುಕೋಳಿ ಮೊಟ್ಟೆ ಮಾರುತ್ತಿದ್ದಳು. ಒಂದನ್ನು ಕೈಗೆತ್ತಿಕೊಂಡೆ. ಚಿಪ್ಪಿಗೆ ಅಂಟಿದ ಕೆಸರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಆಚೆಮನೆ ದೊಡ್ಡಮ್ಮ ನೆನಪಾದರು... ಮೊಟ್ಟೆ ಕೊಳ್ಳದೆ ಬಂದೆ.

ಹಟ್ಟಿಯಂಗಡಿ ಕಡೆ ನಮ್ಮೆರಡು ಮನೆಗಳ ಹಿಂದೆ ಒಂದು ಮದಗ, ಬೈಲಿಗೆ ನೀರು ಕೊಡುವ ದೊಡ್ಡ ಕೆರೆ. ದೊಡ್ಡಮ್ಮನ ಮೂವತ್ತು ಬಾತುಗಳು ಹಗಲಿಡೀ ಅದರಲ್ಲೇ. ಗಂಡ ತೀರಿಕೊಂಡ ಮೇಲೆ ಅವರ ಹೊಟ್ಟೆ ನಡೆದದ್ದು ಆ ಮೊಟ್ಟೆಗಳಿಂದ. ಒಂದೊಂದನ್ನೂ ಹೆಸರು ಹಿಡಿದು ಬೈಯುತ್ತಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಬೈಸಿಕೊಳ್ಳಲು ಬೇರೆ ಯಾರಿದ್ದರು?

ಪೇಪರಿನಲ್ಲಿ ಹಕ್ಕಿಜ್ವರದ ಸುದ್ದಿ ಬರುತ್ತಿದ್ದ ವರ್ಷವದು. ಮಾಗಿಯ ಚಳಿಗೆ ಎಲ್ಲಿಂದಲೋ ಬರುವ ಕಾಡುಬಾತುಗಳು ಆ ಸಲವೂ ಮದಗಕ್ಕೆ ಇಳಿದಿದ್ದವು. ಒಂದು ಬೆಳಿಗ್ಗೆ ನಾಲ್ಕು ಹಕ್ಕಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ಅಂದೇ ಹಾರಿಹೋದವು. ನೀರು ಮಾತ್ರ ತಿಳಿಯಾಗಿಯೇ ಇತ್ತು, ನನಗೆ ಹೆದರಿಕೆಯಾದದ್ದು ಅದಕ್ಕೇ.

ದೊಡ್ಡಮ್ಮ ಬಾತುಗಳನ್ನು ಗೂಡಿಗೆ ತುಂಬಿ ಬಾಗಿಲು ಹಾಕಿದರು. ನಾನಾಗ ಡೇರಿಯಲ್ಲಿ ಹಾಲು ಅಳೆಯುತ್ತಿದ್ದೆ. ಅಲ್ಲಿಗೆ ಬರುತ್ತಿದ್ದ ದನದ ಡಾಕ್ಟರನ್ನು ಕೇಳಿದೆ.

"ತಣ್ಣಗಿನ ನಿಂತ ನೀರು ನೋಡಿ. ರೋಗ ಇದ್ರೆ ವಾರಗಟ್ಟಲೆ ಉಳೀಬಹುದು, ತಿಂಗಳೂ ದಾಟಬಹುದು. ಇಷ್ಟೇ ದಿನ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಬಿಸಿಲು ಏರುವವರೆಗೆ ಬಾತು ಇಳಿಸುದೇ ಬೇಡ" ಎಂದರು.

ಮನೆಗೆ ಬಂದರೆ ದೊಡ್ಡಮ್ಮ ಆಗಲೇ ದಿನ ನಿಶ್ಚಯಿಸಿಯಾಗಿತ್ತು.

"ಮನ್ಷ್ರ್ ಸತ್ರೆ ಹನ್ನೆರ್ಡ್ ದಿನಕ್ಕೆ ಸೂತ್ಕ ಕಳಿತ್ತ್. ನೀರಿಗೆ ಅದ್ಕಿಂತ ಜಾಸ್ತಿ ಬೇಕಾ ಹೆಣೆ? ಡಾಕ್ಟ್ರ್ ಎಂತ ಹೇಳ್ರ್?" ಹೆಣೆ ಎಂದರೆ ಹುಡುಗಿ, ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

ಗೂಡಿನೊಳಗೆ ಹಗಲೂ ರಾತ್ರಿ ಅರಚಾಟ, ಹಿಕ್ಕೆಯ ನಾತ. ನಮ್ಮಮ್ಮ ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದರು. ನನಗೂ ಸಾಕುಸಾಕಾಗಿತ್ತು. "ಸ್ವಲ್ಪ ದಿನ ಬಿಡುದ್ ಬ್ಯಾಡ ಅಂದ್ರ್, ದೊಡ್ಡಮ್ಮ" ಎಂದೆ. ತಿಂಗಳ ಮಾತನ್ನು ನುಂಗಿಕೊಂಡೆ.

ಹದಿಮೂರನೆಯ ಬೆಳಿಗ್ಗೆ ಮದಗಕ್ಕೆ ಗೋಮೂತ್ರ ಚಿಮುಕಿಸಿ, ಗೂಡಿನ ಬಾಗಿಲು ತೆಗೆದರು. ಬಾತುಗಳು ಒಂದರ ಮೇಲೊಂದು ಬಿದ್ದು ನೀರಿಗೆ ಓಡಿದವು. ದಡದಲ್ಲಿ ನಿಂತು ದೊಡ್ಡಮ್ಮ ನಕ್ಕರು. ನಾನೂ ನಕ್ಕೆ.

ಐದನೆಯ ದಿನ ಒಂದು ಬಾತು ಕತ್ತು ತಿರುಚಿಕೊಂಡು ಸತ್ತಿತು. ಆಮೇಲೆ ದಿನಕ್ಕೆ ಮೂರು, ಐದು... ವಾರ ಕಳೆಯುವಷ್ಟರಲ್ಲಿ ಗೂಡು ಖಾಲಿ. ಸುಣ್ಣ ಹಾಕಿ ಹೂಳಿದ್ದಾಯಿತು. ಹಕ್ಕಿಜ್ವರವೇ ಹೌದೇ ಎಂದು ಕೊನೆಗೂ ಯಾರೂ ಖಚಿತವಾಗಿ ಹೇಳಲಿಲ್ಲ. ಆ ತಿಂಗಳು ಗೋಡೆಯಾಚೆ ದೊಡ್ಡಮ್ಮ ಕೆಮ್ಮಿದರೆ ಸಾಕು, ಇಲ್ಲಿ ನಾನು ಎದ್ದು ಕೂರುತ್ತಿದ್ದೆ.

ಅವರು ಮತ್ತೆ ಬಾತು ಸಾಕಲಿಲ್ಲ. ಗೇರುಬೀಜದ ಫ್ಯಾಕ್ಟರಿಗೆ ಹೋಗತೊಡಗಿದರು. ಸಂಜೆ ಮೆಟ್ಟಿಲ ಮೇಲೆ ಕೂತು, ಗೇರಿನ ಎಣ್ಣೆಗೆ ಸುಲಿದ ಬೆರಳುಗಳನ್ನು ಮಡಚಿ ಮಡಚಿ ಎಣಿಸುತ್ತಿದ್ದರು.

"ಹಕ್ಕಿ ಸತ್ತ ದಿನ ಬಿಟ್ಟ್ ಎಣ್ಸ್ಬೇಕಿತ್ತ್ ಕಾಣತ್ತ್. ನಾನೇ ಒಂದ್ ದಿನ ತಪ್ಪಿದೆ, ಹೆಣೆ."

ಅವರು ಹೋಗಿ ನಾಲ್ಕು ವರ್ಷವಾಯಿತು, ಆ ಮನೆಗೆ ಬೀಗ. ನಿಮ್ಮ ಎಣಿಕೆ ತಪ್ಪಿರಲಿಲ್ಲ ದೊಡ್ಡಮ್ಮ ಎನ್ನಲು ನನಗೆ ಎಂಟು ವರ್ಷ ಸಮಯವಿತ್ತು. ದಿನಾ ಆ ಮೆಟ್ಟಿಲ ಮುಂದೆಯೇ ಹಾದುಹೋದೆ. ಹೇಳಲಿಲ್ಲ.